ತೋಳಮಾನವನ ಸಿನಿಮಾ: ಇಂದು ರಾತ್ರಿಗೆ ಯಾವುದು?

ಟ್ರೈಲರ್ ನಂಬಿ ತೋಳಮಾನವನ ಸಿನಿಮಾ ಆರಿಸಿಕೊಂಡವರು ಮೋಸಹೋಗುವುದೇ ಹೆಚ್ಚು. ಹುಣ್ಣಿಮೆಯ ಚಂದ್ರ, ಉದ್ದವಾಗುವ ಉಗುರು, ಯಾರದೋ ಕಿರುಚಾಟ, ಕೊನೆಗೊಂದು ಊಳು. ಒಳ್ಳೆಯ ಚಿತ್ರದ ಟ್ರೈಲರಿನಲ್ಲಿಯೂ ಇದೇ ಇರುತ್ತದೆ, ಕೆಟ್ಟ ಚಿತ್ರದ ಟ್ರೈಲರಿನಲ್ಲಿಯೂ ಇದೇ. ಆದರೆ ಇಡೀ ಚಿತ್ರದಲ್ಲಿ ತೋಳ ಎದುರಿಗೆ ಬಂದು ನಿಲ್ಲುವುದು ಸ್ವಲ್ಪವೇ ಹೊತ್ತು. ಮನುಷ್ಯ ಮೃಗವಾಗುವ ದೃಶ್ಯವಂತೂ ಎರಡು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಉಳಿದ ಸಮಯವೆಲ್ಲ ನಾವು ನೋಡುವುದು ಮನುಷ್ಯರನ್ನು, ಅವರ ಜಗಳವನ್ನು, ಭಯವನ್ನು, ಪೆದ್ದುತನವನ್ನು.

ಆದ್ದರಿಂದ ಯಾವುದನ್ನು ನೋಡಲಿ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ತೋಳ ಇಲ್ಲದ ಹೊತ್ತಿನಲ್ಲಿ ನಿಮಗೆ ಏನು ಬೇಕು? ಕಾಯಿಲೆ ಬಿದ್ದ ಮನೆಯೊಂದರ ಸಂಕಟವೇ, ಮುತ್ತಿಗೆಗೆ ಸಿಕ್ಕಿಕೊಂಡವರ ಗುದ್ದಾಟವೇ, ‘ಇವರಲ್ಲಿ ತೋಳ ಯಾರು?’ ಎಂಬ ಪತ್ತೇದಾರಿಯೇ, ಅಥವಾ ಹೆದರುತ್ತಲೇ ನಗುವ ಅವಕಾಶವೇ? ಗ್ರಾಫಿಕ್ಸ್ ಚೆನ್ನಾಗಿದೆಯೋ, ಮೇಕಪ್ ಚೆನ್ನಾಗಿದೆಯೋ ಎಂಬುದು ಆಮೇಲಿನ ಮಾತು. ಕೆಳಗಿನ ಹೋಲಿಕೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ. ಯಾವ ಚಿತ್ರದ ಕೊನೆಯನ್ನೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಬಹುದು.

ಕಾಯಿಲೆಯ ಕಥೆ: ‘ವುಲ್ಫ್ ಮ್ಯಾನ್’ ಮತ್ತು ‘ಜಿಂಜರ್ ಸ್ನ್ಯಾಪ್ಸ್’

ಇತ್ತೀಚಿನ ಚಿತ್ರಗಳಲ್ಲಿ ಹೆಚ್ಚು ಚರ್ಚೆಯಾದದ್ದು 2025ರ ಜನವರಿಯಲ್ಲಿ ಬಂದ ‘ವುಲ್ಫ್ ಮ್ಯಾನ್’. ನಿರ್ದೇಶಕ ಲೀ ವಾನೆಲ್. 2020ರಲ್ಲಿ ‘ದ ಇನ್‌ವಿಸಿಬಲ್ ಮ್ಯಾನ್’ ಮಾಡಿ, ಕಣ್ಣಿಗೆ ಕಾಣದ ಹಳೆಯ ಪ್ರಿಯಕರನನ್ನೇ ಭೂತವನ್ನಾಗಿಸಿದ್ದವರು ಇವರೇ. ಹಾಗಾಗಿ ನಿರೀಕ್ಷೆ ದೊಡ್ಡದಿತ್ತು. ಬಂದ ಚಿತ್ರವನ್ನು ಅರ್ಧ ಜನ ಮೆಚ್ಚಿದರು, ಅರ್ಧ ಜನ ‘ಇದರಲ್ಲಿ ತೋಳ ಎಲ್ಲಿ?’ ಎಂದು ಗೊಣಗಿದರು. ನನ್ನ ದೃಷ್ಟಿಯಲ್ಲಿ ಎರಡು ಕಡೆಯವರ ಮಾತೂ ಸರಿ.

ಕಥೆ ಸರಳ. ಬ್ಲೇಕ್ ಎಂಬಾತ ಹೆಂಡತಿ ಷಾರ್ಲೆಟ್ ಮತ್ತು ಪುಟ್ಟ ಮಗಳನ್ನು ಕರೆದುಕೊಂಡು ಆರೆಗಾನ್‌ನ ಕಾಡಿನಲ್ಲಿರುವ ತನ್ನ ತಂದೆಯ ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ಅಪಘಾತ, ಕತ್ತಲು, ಬ್ಲೇಕ್‌ನ ಕೈಗೊಂದು ಗೀರು. ಹೇಗೋ ಮನೆ ಸೇರಿ ಬಾಗಿಲು ಭದ್ರಪಡಿಸಿಕೊಳ್ಳುತ್ತಾರೆ. ಆದರೆ ಅಪಾಯ ಬಾಗಿಲಿನ ಒಳಗಡೆಯೇ ಕೂತಿದೆ. ಇಲ್ಲಿ ಹುಣ್ಣಿಮೆಯ ಲೆಕ್ಕವಿಲ್ಲ, ಒಂದೇ ಏಟಿಗೆ ಆಗುವ ರೂಪಾಂತರವೂ ಇಲ್ಲ. ಒಂದು ರಾತ್ರಿಯುದ್ದಕ್ಕೂ ಜ್ವರ ಏರುವ ಹಾಗೆ ಏರುತ್ತದೆ. ಬೆವರು, ಉದುರುವ ಹಲ್ಲು, ತೊದಲುವ ಮಾತು, ಆಮೇಲೆ ಮಾತೇ ಇಲ್ಲ.

ಈ ಚಿತ್ರದ ನಿಜವಾದ ಬಂಡವಾಳ ಎರಡು ದೃಶ್ಯಗಳಲ್ಲಿದೆ. ಮೊದಲನೆಯದು ಶಬ್ದದ್ದು. ಮನೆಯೊಳಗೆ ಎಲ್ಲಿಂದಲೋ ಧಡ್, ಧಡ್ ಎಂಬ ಸದ್ದು ಬ್ಲೇಕ್‌ಗೆ ಕೇಳಿಸತೊಡಗುತ್ತದೆ. ಯಾರೋ ಒಳಗೆ ನುಗ್ಗಿದ್ದಾರೆ ಎಂದುಕೊಂಡು ಅವನು ಹುಡುಕುತ್ತ ಹೋಗುತ್ತಾನೆ, ಅವನ ಹಿಂದೆ ನಾವೂ ಉಸಿರು ಬಿಗಿಹಿಡಿದು ಹೋಗುತ್ತೇವೆ. ಕೊನೆಗೆ ನೋಡಿದರೆ ಗೋಡೆಯ ಮೇಲೆ ಒಂದು ಜೇಡ ನಡೆದುಕೊಂಡು ಹೋಗುತ್ತಿದೆ! ಅದರ ಕಾಲಿನ ಸಪ್ಪಳವೇ ಅವನಿಗೆ ಹಾಗೆ ಕೇಳಿಸುತ್ತಿತ್ತು. ಒಂದು ಹನಿ ರಕ್ತವಿಲ್ಲದೆ, ಒಂದು ಮಾತಿಲ್ಲದೆ, ಈ ಮನುಷ್ಯ ಇನ್ನು ನಮ್ಮವನಲ್ಲ ಎಂದು ತಿಳಿದುಬಿಡುತ್ತದೆ.

ಎರಡನೆಯದು ನೋಟದ್ದು. ಹೆಂಡತಿ ಅವನೊಡನೆ ಮಾತನಾಡುತ್ತಿದ್ದಾಳೆ. ಕ್ಯಾಮೆರಾ ಅವಳ ಕಡೆಯಿಂದ ಅವನ ಕಡೆಗೆ ಮೆಲ್ಲನೆ ಸರಿಯುತ್ತದೆ. ಅವಳ ಬದಿಯಲ್ಲಿ ಕತ್ತಲೆಯ ಕೋಣೆ, ಆತಂಕದ ಮಾತು; ಅವನ ಬದಿಗೆ ಬಂದ ಕೂಡಲೇ ಕೋಣೆಯ ಬಣ್ಣವೇ ಬೇರೆ, ಅವಳ ಕಣ್ಣುಗಳು ಹೊಳೆಯುತ್ತಿವೆ, ಅವಳ ಮಾತು ಅರ್ಥವಿಲ್ಲದ ಗೊಗ್ಗರು ಸದ್ದು. ಮತ್ತೆ ಅವಳ ಕಡೆಗೆ ಬಂದರೆ ಅವನು ಗುರುಗುಟ್ಟುತ್ತಿದ್ದಾನೆ. ಒಂದೇ ಮಂಚದ ಅಕ್ಕಪಕ್ಕದಲ್ಲಿ ಇಬ್ಬರೂ ಬೇರೆ ಬೇರೆ ಲೋಕದಲ್ಲಿದ್ದಾರೆ. ಮನೆಯಲ್ಲಿ ಹಿರಿಯರು ನೆನಪು ಕಳೆದುಕೊಳ್ಳುವುದನ್ನು ಕಂಡವರಿಗೆ ಈ ದೃಶ್ಯ ಎಲ್ಲಿ ನಾಟುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಚೆನ್ನಾಗಿರುವ ಚಿತ್ರ ಎಡವುವುದು ಉಳಿದ ಕಡೆ. ಷಾರ್ಲೆಟ್ ಪಾತ್ರಕ್ಕೆ ಜೂಲಿಯಾ ಗಾರ್ನರ್‌ರಂಥ ನಟಿಯನ್ನು ಕರೆತಂದು, ಬೆದರಿ ನಿಲ್ಲುವುದು ಮತ್ತು ಓಡುವುದು ಬಿಟ್ಟು ಬೇರೆ ಕೆಲಸ ಕೊಟ್ಟಿಲ್ಲ. ತಂದೆಯಿಂದ ಮಗನಿಗೆ ಇಳಿದುಬರುವ ಕೋಪ ಎಂಬ ವಿಷಯವನ್ನು ಮೊದಲ ಇಪ್ಪತ್ತು ನಿಮಿಷದಲ್ಲೇ ಪಾತ್ರಗಳ ಬಾಯಲ್ಲಿ ಹೇಳಿಸಿ ಮುಗಿಸಿಬಿಡುತ್ತಾರೆ. ಆಮೇಲೆ ನಮಗೆ ಕಂಡುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಕೊನೆಯ ಅರ್ಧ ಗಂಟೆ ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಕಾಡಿಗೆ ಓಟ. ಜೊತೆಗೆ ರೋಮ ತುಂಬಿದ ದೈತ್ಯ ತೋಳವನ್ನು ಎದುರುನೋಡುವವರಿಗೆ ನಿರಾಸೆ ಖಂಡಿತ. ಇಲ್ಲಿಯ ಪ್ರಾಣಿ ಕೊನೆಯವರೆಗೂ ಚರ್ಮರೋಗ ಹಿಡಿದ ಮನುಷ್ಯನ ಹಾಗೆಯೇ ಕಾಣುತ್ತದೆ. ಅದು ಉದ್ದೇಶಪೂರ್ವಕ ಎಂದು ಗೊತ್ತು. ಆದರೂ ಟಿಕೆಟ್ ಕೊಂಡವನು ತೋಳವನ್ನು ಕೇಳಿದರೆ ತಪ್ಪು ಹಿಡಿಯಲಾಗದು.

ಇದೇ ಬಗೆಯ ಕಥೆಯನ್ನು ಇನ್ನಷ್ಟು ಚುರುಕಾಗಿ, ಕಡಿಮೆ ಹಣದಲ್ಲಿ ಹೇಳಿದ್ದು 2000ನೇ ಇಸವಿಯ ಕೆನಡಾ ಚಿತ್ರ ‘ಜಿಂಜರ್ ಸ್ನ್ಯಾಪ್ಸ್’. ನಿರ್ದೇಶನ ಜಾನ್ ಫಾಸೆಟ್, ಚಿತ್ರಕಥೆ ಕ್ಯಾರೆನ್ ವಾಲ್ಟನ್. ಜಿಂಜರ್ ಮತ್ತು ಬ್ರಿಜಿಟ್ ಹದಿಹರೆಯದ ಅಕ್ಕ-ತಂಗಿ. ಶಾಲೆಯಲ್ಲಿ ಯಾರಿಗೂ ಬೇಡವಾದವರು, ತಾವೇ ಸತ್ತಂತೆ ನಟಿಸಿ ಫೋಟೊ ತೆಗೆದುಕೊಳ್ಳುವುದು ಅವರ ಹವ್ಯಾಸ. ಅಕ್ಕ ಮೊದಲ ಸಲ ಮುಟ್ಟಾದ ರಾತ್ರಿಯೇ ಮೃಗವೊಂದು ಅವಳನ್ನು ಕಚ್ಚುತ್ತದೆ. ಮೈಮೇಲೆ ಬೇಡದ ಕಡೆ ಕೂದಲು, ತಡೆಯಲಾಗದ ಹಸಿವು, ಸಿಟ್ಟು, ಹುಡುಗರ ಮೇಲೆ ಕಣ್ಣು. ಶಾಲೆಯ ನರ್ಸ್‌ ಇದೆಲ್ಲ ಈ ವಯಸ್ಸಿನಲ್ಲಿ ಸಹಜ ಎಂದು ಹೇಳಿ ಕಳಿಸುತ್ತಾಳೆ. ಇಡೀ ಚಿತ್ರದ ತುಂಟತನ ಆ ಒಂದು ದೃಶ್ಯದಲ್ಲಿದೆ.

‘ವುಲ್ಫ್ ಮ್ಯಾನ್’ ಒಂದು ರಾತ್ರಿಯಲ್ಲಿ ಹೇಳಲು ಹೋಗಿ ಉಸಿರುಗಟ್ಟಿಸಿಕೊಂಡದ್ದನ್ನು ‘ಜಿಂಜರ್ ಸ್ನ್ಯಾಪ್ಸ್’ ಹುಣ್ಣಿಮೆಯಿಂದ ಹುಣ್ಣಿಮೆಗೆ, ಒಂದು ತಿಂಗಳು ಎಳೆದು ಹೇಳುತ್ತದೆ. ಆ ಅವಧಿಯೇ ಅದರ ಬಲ. ದಿನದಿನಕ್ಕೂ ಅಕ್ಕ ಕೈಜಾರುತ್ತಿರುವುದನ್ನು ತಂಗಿಯ ಕಣ್ಣಿನಲ್ಲಿ ನೋಡುತ್ತೇವೆ. ಕೊನೆಯಲ್ಲಿ ಕಾಣುವ ರಬ್ಬರಿನ ತೋಳ ಅಷ್ಟಕ್ಕಷ್ಟೆ. ಆದರೆ ಅಷ್ಟು ಹೊತ್ತಿಗೆ ಅದು ಹೇಗೆ ಕಂಡರೂ ಚಿಂತೆಯಿಲ್ಲ ಎನ್ನುವ ಹಂತಕ್ಕೆ ಬಂದಿರುತ್ತೀರಿ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಯೋಚಿಸದೆ ಇದನ್ನೇ ಆರಿಸುತ್ತೇನೆ. ಆದರೆ ಒಂಟಿಯಾಗಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ನೋಡುವ ಮನಸ್ಸಿದ್ದರೆ ‘ವುಲ್ಫ್ ಮ್ಯಾನ್’ಗೆ ಮೊದಲ ಸ್ಥಾನ. ಅದರ ಅರ್ಧ ಭಯ ಕಿವಿಯಲ್ಲಿದೆ. ಹಗಲಿನಲ್ಲಿ, ಕಿಟಕಿಯ ಬೆಳಕು ಬೀಳುವ ಟಿ.ವಿ.ಯಲ್ಲಿ ಅದನ್ನು ನೋಡಬೇಡಿ. ಚಿತ್ರೀಕರಣ ಎಷ್ಟು ಕಪ್ಪಾಗಿದೆಯೆಂದರೆ ನಿಮ್ಮ ಮುಖವೇ ಪರದೆಯಲ್ಲಿ ಕಾಣುತ್ತಿರುತ್ತದೆ.

ನಗುತ್ತಾ ಹೆದರಬೇಕಾದರೆ

ಇಲ್ಲಿ ದಾಟಬೇಕಾದ ಹೊಸ್ತಿಲು ಒಂದೇ: 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. ನಿರ್ದೇಶಕ ಜಾನ್ ಲ್ಯಾಂಡಿಸ್. ನಾಲ್ಕು ದಶಕ ಕಳೆದಿದ್ದರೂ ಇದನ್ನು ಹಳೆಯ ಚಿತ್ರ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಆಮೇಲೆ ಬಂದ ಪ್ರತಿಯೊಂದು ತೋಳಮಾನವನ ಚಿತ್ರವೂ ಇದಕ್ಕೆ ಸಾಲಗಾರ. ಇಂಗ್ಲೆಂಡಿನ ಬಯಲುಸೀಮೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುತ್ತಿದ್ದ ಇಬ್ಬರು ಅಮೆರಿಕನ್ ಹುಡುಗರ ಮೇಲೆ ತೋಳ ಬೀಳುತ್ತದೆ. ಜ್ಯಾಕ್ ಸಾಯುತ್ತಾನೆ, ಡೇವಿಡ್ ಬದುಕುತ್ತಾನೆ. ಸತ್ತ ಜ್ಯಾಕ್ ಆಸ್ಪತ್ರೆಗೆ ಬಂದು ಗೆಳೆಯನೊಡನೆ ಹರಟುತ್ತಾನೆ, ಅದೂ ಹರಿದ ಗಂಟಲಿನ ಚರ್ಮ ನೇತಾಡುತ್ತಿರುವಾಗ. ಪ್ರತಿಸಲ ಬಂದಾಗಲೂ ಇನ್ನಷ್ಟು ಕೊಳೆತಿರುತ್ತಾನೆ, ಮಾತಿನ ಧಾಟಿ ಮಾತ್ರ ಅದೇ ಹಳೆಯ ಗೆಳೆಯನದು. ನಗಬೇಕೋ ಮುಖ ತಿರುಗಿಸಬೇಕೋ ಎಂದು ತಿಳಿಯದ ಆ ಇಕ್ಕಟ್ಟಿನಲ್ಲೇ ಈ ಚಿತ್ರದ ಮಜಾ ಇರುವುದು.

ರೂಪಾಂತರದ ದೃಶ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಆದರೂ ಬಿಡಲಾಗದು. ಸಾಮಾನ್ಯವಾಗಿ ಇಂಥ ದೃಶ್ಯಗಳನ್ನು ನೆರಳಿನಲ್ಲಿ, ಹೊಗೆಯಲ್ಲಿ ಮುಚ್ಚಿಡುತ್ತಾರೆ. ಲ್ಯಾಂಡಿಸ್ ದೀಪ ಹೊತ್ತಿಸಿದ ಮನೆಯ ಪಡಸಾಲೆಯಲ್ಲಿ ತೋರಿಸುತ್ತಾರೆ. ಹಿನ್ನೆಲೆಯಲ್ಲಿ ಇಂಪಾದ ಪ್ರೇಮಗೀತೆ. ಡೇವಿಡ್ ಮೈ ಸುಡುತ್ತಿದೆ ಎಂದು ಬಟ್ಟೆ ಕಿತ್ತೆಸೆಯುತ್ತಾನೆ. ಅಂಗೈ ಹಿಟ್ಟಿನ ಹಾಗೆ ಉದ್ದುದ್ದಕ್ಕೆ ಎಳೆದುಕೊಳ್ಳುತ್ತದೆ, ಅವನೇ ಅದನ್ನು ನಂಬಲಾಗದೆ ನೋಡುತ್ತಾನೆ. ಬೆನ್ನುಮೂಳೆ ಒಂದೊಂದಾಗಿ ಮೇಲೇಳುತ್ತದೆ. ಚರ್ಮದಿಂದ ಕೂದಲು ಹುಟ್ಟುವುದನ್ನು ತೋರಿಸಲು ಕೃತಕ ಚರ್ಮದೊಳಕ್ಕೆ ಕೂದಲನ್ನು ಎಳೆದು, ಆ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದ್ದರು. ಮೇಕಪ್ ಕಲಾವಿದ ರಿಕ್ ಬೇಕರ್‌ಗೆ ಇದಕ್ಕಾಗಿ ಆಸ್ಕರ್ ಬಂತು. ಮೇಕಪ್ ಎಂಬ ವಿಭಾಗ ಪ್ರತಿವರ್ಷದ ಸ್ಪರ್ಧೆಯಾಗಿ ಶುರುವಾದದ್ದೇ ಆ ವರ್ಷ. ಕಂಪ್ಯೂಟರ್ ಇಲ್ಲದ ಕಾಲದ ಈ ನೋವು ಇಂದಿಗೂ ನಿಜವೆನಿಸುತ್ತದೆ. ಕಾರಣ ಬಹುಶಃ ತಂತ್ರದಲ್ಲಿಲ್ಲ. ಆ ಹುಡುಗ ಗೆಳೆಯನ ಹೆಸರು ಹಿಡಿದು ಕೂಗುವ ರೀತಿಯಲ್ಲಿದೆ.

ಇದೇ ದಾರಿಯಲ್ಲಿ ಭಾರತದಿಂದ ಬಂದದ್ದು 2022ರ ಹಿಂದಿ ಚಿತ್ರ ‘ಭೇಡಿಯಾ’. ಅಮರ್ ಕೌಶಿಕ್ ನಿರ್ದೇಶನ, ವರುಣ್ ಧವನ್ ನಾಯಕ. ಅರುಣಾಚಲ ಪ್ರದೇಶದ ಕಾಡಿನಲ್ಲಿ ರಸ್ತೆ ಹಾಕಿಸಲು ಬಂದ ಗುತ್ತಿಗೆದಾರನಿಗೆ ತೋಳ ಕಚ್ಚುತ್ತದೆ. ಕಾಡಿನ ರಕ್ಷಣೆ, ಈಶಾನ್ಯದವರನ್ನು ಉಳಿದವರು ಹೊರಗಿನವರಂತೆ ನೋಡುವುದು, ಗೆಳೆಯರ ಕೀಟಲೆ ಎಲ್ಲವೂ ಸೇರಿ ಎರಡೂವರೆ ಗಂಟೆ ಮೀರುತ್ತದೆ. ನನಗೆ ಇಷ್ಟವಾದದ್ದು ಹೊಗೆಮಂಜಿನ ಆ ಕಾಡು, ಅಭಿಷೇಕ್ ಬ್ಯಾನರ್ಜಿಯ ಹಾಸ್ಯ. ಇಷ್ಟವಾಗದ್ದು ಉದ್ದ. ಮಲವಿಸರ್ಜನೆಯ ಜೋಕುಗಳು ಎರಡನೆಯ ಸಲಕ್ಕೇ ಸಾಕೆನಿಸುತ್ತವೆ. ಆದರೆ ನಾಲ್ಕಾರು ಜನ ಸೇರಿ ನೋಡುವ ರಾತ್ರಿಗೆ, ಅದರಲ್ಲಿ ಒಬ್ಬಿಬ್ಬರು ಹೆದರುಪುಕ್ಕಲರಿದ್ದರೆ, ಇಂಗ್ಲಿಷ್ ಚಿತ್ರಗಳಿಗಿಂತ ಇದೇ ಒಳ್ಳೆಯ ಆಯ್ಕೆ. ಇದು ಹೆದರಿಸುವುದಕ್ಕಿಂತ ಹೆಚ್ಚು ನಗಿಸುತ್ತದೆ, ರಕ್ತವನ್ನೂ ಮಿತವಾಗಿ ಚೆಲ್ಲುತ್ತದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಬಹಳ. ಲ್ಯಾಂಡಿಸ್ ಚಿತ್ರದಲ್ಲಿ ನಗು ಮುಗಿದ ಕ್ಷಣಕ್ಕೆ ಭಯ ಹಿಂದಿನಿಂದ ಬಂದು ಕುತ್ತಿಗೆ ಹಿಡಿಯುತ್ತದೆ, ಎರಡಕ್ಕೂ ನಡುವೆ ಬಿಡುವಿಲ್ಲ. ‘ಭೇಡಿಯಾ’ದಲ್ಲಿ ನಗುವಿನ ದೃಶ್ಯ ಬೇರೆ, ಭಯದ ದೃಶ್ಯ ಬೇರೆ, ಹಾಡು ಬೇರೆ, ಒಂದು ಮುಗಿದು ಇನ್ನೊಂದು ಬರುತ್ತದೆ. ನಿಮಗೆ ಯಾವ ರುಚಿ ಹಿಡಿಸುತ್ತದೆಂದು ನಿಮಗೇ ಗೊತ್ತು.

ಮುತ್ತಿಗೆ: ‘ಡಾಗ್ ಸೋಲ್ಜರ್ಸ್’ಗೆ ಎದುರಾಳಿ ಇದೆಯೇ?

ಇಲ್ಲ ಎಂಬುದು ನನ್ನ ಉತ್ತರ. 2002ರ ಈ ಬ್ರಿಟಿಷ್ ಚಿತ್ರ ನೀಲ್ ಮಾರ್ಷಲ್‌ರ ಮೊದಲ ಕಥಾಚಿತ್ರ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ತರಬೇತಿಗೆಂದು ಇಳಿದ ಬೆರಳೆಣಿಕೆಯಷ್ಟು ಸೈನಿಕರು, ಎದುರಾಳಿ ತುಕಡಿಯ ಶಿಬಿರಕ್ಕೆ ಹೋಗಿ ನೋಡಿದರೆ ಬರೀ ರಕ್ತ, ಹರಿದ ಸಾಮಾನು. ಕತ್ತಲಾಗುತ್ತದೆ. ತೋಟದ ಮನೆಯೊಂದಕ್ಕೆ ಓಡಿಹೋಗಿ ಕಿಟಕಿಗಳಿಗೆ ಹಲಗೆ ಬಡಿದು, ಗುಂಡು ಎಣಿಸುತ್ತ ಬೆಳಗಾಗುವುದನ್ನು ಕಾಯುತ್ತಾರೆ. ಅಷ್ಟೇ ಕಥೆ.

ಅಷ್ಟೇ ಆದರೂ ಕಣ್ಣು ಕೀಳಲಾಗದು, ಏಕೆಂದರೆ ಈ ಸೈನಿಕರ ಬಾಯಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಜೀವ ಹೋಗುವ ಹೊತ್ತಿನಲ್ಲೂ ಇಂಗ್ಲೆಂಡ್–ಜರ್ಮನಿ ಫುಟ್‌ಬಾಲ್ ಪಂದ್ಯ ತಪ್ಪಿಹೋಯಿತಲ್ಲ ಎಂಬ ಕೊರಗು. ಸಾರ್ಜೆಂಟ್ ವೆಲ್ಸ್‌ನ ಹೊಟ್ಟೆ ಸೀಳಿಹೋದಾಗ ಹೊರಬಿದ್ದ ಕರುಳನ್ನು ಒಳಕ್ಕೆ ತಳ್ಳಿ, ಗಾಯವನ್ನು ಸೂಪರ್‌ಗ್ಲೂ ಹಚ್ಚಿ ಅಂಟಿಸುವ ದೃಶ್ಯವೊಂದಿದೆ. ಸಾರ್ಜೆಂಟ್ ನೋವಿಗೆ ಕೂಗಾಡುತ್ತಾನೆ, ಮದ್ಯ ಕುಡಿಸಿ ಅವನನ್ನು ಹಿಡಿದುಕೊಳ್ಳಲು ಗೆಳೆಯರು ಹರಸಾಹಸ ಪಡುತ್ತಾರೆ. ಅಸಹ್ಯ, ಅನುಕಂಪ, ನಗು ಮೂರೂ ಒಟ್ಟಿಗೆ ಬರುತ್ತವೆ. ಇಲ್ಲಿಯ ತೋಳಗಳು ಗ್ರಾಫಿಕ್ಸ್ ಅಲ್ಲ, ವೇಷ ತೊಟ್ಟ ಎತ್ತರದ ನಟರು. ಬಾಗಿಲ ಚೌಕಟ್ಟಿಗಿಂತ ಎತ್ತರಕ್ಕೆ, ಬಗ್ಗಿಕೊಂಡು ಒಳಗೆ ಬರುತ್ತವೆ. ರೂಪಾಂತರವನ್ನು ಬಹುಪಾಲು ಮರೆಯಲ್ಲೇ ನಡೆಸಿಬಿಡುತ್ತಾರೆ. ಹಣವಿರಲಿಲ್ಲ, ಆ ಕೊರತೆಯೇ ಚಿತ್ರವನ್ನು ವೇಗವಾಗಿಸಿತು.

ಇದೇ ಸಾಲಿಗೆ ಸೇರುವ ಹೊಸ ಚಿತ್ರ 2024ರ ‘ವೇರ್‌ವುಲ್ವ್ಸ್’. ಫ್ರ್ಯಾಂಕ್ ಗ್ರಿಲೊ ನಾಯಕ. ಸೂಪರ್‌ಮೂನ್‌ನ, ಅಂದರೆ ಭೂಮಿಗೆ ಹತ್ತಿರ ಬಂದು ದೊಡ್ಡದಾಗಿ ಕಾಣುವ ಹುಣ್ಣಿಮೆ ಚಂದ್ರನ, ಬೆಳಕು ಮೈಗೆ ತಾಗಿದವರೆಲ್ಲ ತೋಳಗಳಾಗುತ್ತಾರೆ, ಅದಕ್ಕೆ ತಡೆಯಾಗಿ ಮೈಗೆ ಹಚ್ಚಿಕೊಳ್ಳುವ ‘ಮೂನ್‌ಸ್ಕ್ರೀನ್’ ಎಂಬ ಲೇಪವೂ ಇದೆ! ಕಲ್ಪನೆ ಮಜವಾಗಿದೆ. ಆದರೆ ಚಿತ್ರ ಅದನ್ನು ಗಂಭೀರ ಮುಖ ಹೊತ್ತು ಹೇಳುತ್ತದೆ. ತಲೆ ಬದಿಗಿಟ್ಟು ಒಂದೂವರೆ ಗಂಟೆ ಗುಂಡಿನ ಸದ್ದು ಕೇಳಬೇಕೆಂದರೆ ಅಡ್ಡಿಯಿಲ್ಲ. ಪಾತ್ರಗಳ ಹೆಸರು ಮರುದಿನ ನೆನಪಿದ್ದರೆ ಅದು ನಿಮ್ಮ ನೆನಪಿನ ಶಕ್ತಿ, ಚಿತ್ರದ ಹೆಚ್ಚುಗಾರಿಕೆಯಲ್ಲ.

ತೋಳ ಯಾರು?

ಪತ್ತೇದಾರಿ ಇಷ್ಟಪಡುವವರಿಗೆ ಅಕ್ಕಪಕ್ಕದ ವರ್ಷಗಳಲ್ಲಿ ಎರಡು ಚಿತ್ರಗಳು ಬಂದವು. ಎರಡೂ ಹಿಮ ಬೀಳುವ ಸಣ್ಣ ಊರಿನವು, ಎರಡೂ ಹಾಸ್ಯ ಬೆರೆತವು, ಸ್ವಭಾವ ಮಾತ್ರ ತದ್ವಿರುದ್ಧ.

2021ರ ‘ವೇರ್‌ವುಲ್ವ್ಸ್ ವಿದಿನ್’ ವಿಡಿಯೊ ಗೇಮ್‌ನಿಂದ ಹುಟ್ಟಿದ್ದು. ಗೇಮ್‌ನಿಂದ ಬಂದ ಸಿನಿಮಾಗಳ ಬಗ್ಗೆ ನನಗಿದ್ದ ಅಪನಂಬಿಕೆಯನ್ನು ಇದು ಸ್ವಲ್ಪ ಅಲುಗಾಡಿಸಿತು. ಅತಿ ಸಭ್ಯನಾದ ಅರಣ್ಯಾಧಿಕಾರಿ, ಮಾತಿನ ಮಲ್ಲಿಯಾದ ಅಂಚೆ ಹುಡುಗಿ, ತೈಲ ಕೊಳವೆಯ ವಿಷಯಕ್ಕೆ ಕಿತ್ತಾಡುವ ಊರವರು. ಹಿಮಪಾತದಿಂದ ರಸ್ತೆ ಮುಚ್ಚಿ ಎಲ್ಲರೂ ಒಂದೇ ವಸತಿಗೃಹದಲ್ಲಿ ಸಿಕ್ಕಿಬೀಳುತ್ತಾರೆ. ತೋಳಕ್ಕಿಂತ ಮೊದಲೇ ಇವರು ಒಬ್ಬರನ್ನೊಬ್ಬರು ಮುಗಿಸಿಬಿಡುತ್ತಾರೇನೋ ಎನ್ನಿಸುತ್ತದೆ. ಮಾತು ಪಟಪಟನೆ ಬರುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಇಲ್ಲವಾದರೆ ಅರ್ಧ ಹಾಸ್ಯ ತಪ್ಪಿಹೋಗುತ್ತದೆ. ಭಯ ಇದರಲ್ಲಿ ಹೆಸರಿಗೆ ಮಾತ್ರ.

2020ರ ‘ದ ವುಲ್ಫ್ ಆಫ್ ಸ್ನೋ ಹಾಲೋ’ ಬೇರೆಯೇ ಜಾತಿ. ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರ ಮಾಡಿದವರು ಜಿಮ್ ಕಮಿಂಗ್ಸ್. ಹುಣ್ಣಿಮೆಯ ರಾತ್ರಿಗಳಲ್ಲಿ ಹೆಂಗಸರ ಕೊಲೆಯಾಗುತ್ತಿದೆ, ಊರವರೆಲ್ಲ ತೋಳಮಾನವ ಎನ್ನುತ್ತಿದ್ದಾರೆ. ಪೊಲೀಸ್ ಅಧಿಕಾರಿ ಜಾನ್ ಮಾತ್ರ, ಕೊಲೆಗಾರ ಮನುಷ್ಯನೇ ಎಂದು ಹಟ ಹಿಡಿದಿದ್ದಾನೆ. ಕುಡಿತ ಬಿಡಲು ಒದ್ದಾಡುತ್ತಿರುವ, ಮಗಳೊಡನೆ ಮಾತು ಕೆಟ್ಟಿರುವ, ಎಲ್ಲರ ಮೇಲೆ ರೇಗುವ ಈ ಜಾನ್‌ನನ್ನು ಬೇರೆ ಚಿತ್ರಗಳಾದರೆ ಹೇಗೋ ತಿದ್ದಿ ನಾಯಕನನ್ನಾಗಿಸುತ್ತಿದ್ದವು. ಇಲ್ಲಿ ಹಾಗಿಲ್ಲ. ಮೃಗವನ್ನು ನಂಬದವನೇ ಎಲ್ಲರೆದುರು ಹಲ್ಲು ಕಡಿದು ಅಬ್ಬರಿಸುತ್ತಿರುತ್ತಾನೆ. ಅವನ ತಂದೆಯಾಗಿ, ಆರೋಗ್ಯ ಕೆಟ್ಟರೂ ಕುರ್ಚಿ ಬಿಡದ ಹಿರಿಯ ಷೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಆಗಿ ರಾಬರ್ಟ್ ಫಾರ್ಸ್ಟರ್ ನಟಿಸಿದ್ದಾರೆ. ಚಿತ್ರ ತೆರೆಗೆ ಬರುವ ಮುನ್ನ, 2019ರಲ್ಲೇ ಅವರು ತೀರಿಕೊಂಡರು. ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷದಲ್ಲಿ ಮುಗಿಯುವ ಈ ಚಿತ್ರವನ್ನು ಬಹಳ ಜನ ನೋಡಿಲ್ಲ. ಈ ಇಡೀ ಬರಹದಿಂದ ಒಂದೇ ಹೆಸರನ್ನು ಗುರುತು ಹಾಕಿಕೊಳ್ಳುವುದಾದರೆ ಇದನ್ನು ಹಾಕಿಕೊಳ್ಳಿ. ಆದರೆ ಶುದ್ಧ ತೋಳಭಯ ಬೇಕೆಂದವರು, ಹಗುರವಾದ ಮನರಂಜನೆ ಬೇಕೆಂದವರು ಇಬ್ಬರೂ ಇದರಿಂದ ದೂರವಿದ್ದರೆ ಕ್ಷೇಮ. ಮೊದಲಿನವರಿಗೆ ಇದು ಹಾಸ್ಯವೆನಿಸುತ್ತದೆ, ಎರಡನೆಯವರಿಗೆ ಭಾರವೆನಿಸುತ್ತದೆ.

ಉಳಿದವು, ಬೇಗ ಬೇಗನೆ

ಕೋಟೆಯಂಥ ಮನೆ, ಮಂಜು, ಕುದುರೆಗಾಡಿ, ಶಾಪ ಬೇಕೆನ್ನುವವರಿಗೆ 2010ರ ‘ದ ವುಲ್ಫ್‌ಮ್ಯಾನ್’ ಇದೆ. 1941ರ ಹಳೆಯ ಕಪ್ಪು-ಬಿಳುಪು ಚಿತ್ರದ ಮರುರೂಪ. ಬೆನಿಸಿಯೊ ಡೆಲ್ ಟೊರೊ, ಆಂಥನಿ ಹಾಪ್‌ಕಿನ್ಸ್, ಎಮಿಲಿ ಬ್ಲಂಟ್, ಮೇಕಪ್ಪಿಗೆ ಮತ್ತೆ ಅದೇ ರಿಕ್ ಬೇಕರ್, ಮತ್ತೆ ಆಸ್ಕರ್. ಆದರೆ ರೂಪಾಂತರದ ದೃಶ್ಯವನ್ನು ಕಂಪ್ಯೂಟರಿಗೆ ಒಪ್ಪಿಸಿಬಿಟ್ಟರು. ಮುಖದ ಮೇಲೆ ಬೇಕರ್‌ ಕೈಚಳಕ ಇರುವಷ್ಟು ಹೊತ್ತು ನಂಬುತ್ತೇವೆ, ಗ್ರಾಫಿಕ್ಸ್ ಶುರುವಾದ ಕೂಡಲೇ ನಂಬಿಕೆ ಕಳಚಿಕೊಳ್ಳುತ್ತದೆ. ಹುಚ್ಚಾಸ್ಪತ್ರೆಯಲ್ಲಿ ವೈದ್ಯರ ಸಭೆಯೆದುರು ನಾಯಕನನ್ನು ಕುರ್ಚಿಗೆ ಕಟ್ಟಿಹಾಕಿ, ಹುಣ್ಣಿಮೆಯಂದು ಇವನಿಗೆ ಏನೂ ಆಗುವುದಿಲ್ಲ ಎಂದು ಉಪನ್ಯಾಸ ಕೊಡುವ ದೃಶ್ಯ ಮಾತ್ರ ಪೈಸಾ ವಸೂಲ್. ನೋಡುವುದಾದರೆ ನಿರ್ದೇಶಕರ ಉದ್ದನೆಯ ಆವೃತ್ತಿಯನ್ನೇ ಹುಡುಕಿ; ಚಿತ್ರಮಂದಿರದ ಆವೃತ್ತಿಯಲ್ಲಿ ಮೊದಲ ಭಾಗವನ್ನು ಅವಸರವಸರವಾಗಿ ಕತ್ತರಿಸಿದ್ದಾರೆ.

ಹುಣ್ಣಿಮೆಯ ಕಟ್ಟುಪಾಡು ಬಹಳ ಹಳೆಯದೆಂದು ನಂಬಿದವರಿಗೆ ಒಂದು ಮಾತು. 1941ರ ಮೂಲ ಚಿತ್ರದಲ್ಲಿ, ಮನುಷ್ಯ ಯಾವಾಗ ತೋಳವಾಗುತ್ತಾನೆಂದು ಹೇಳುವ ಪ್ರಸಿದ್ಧ ಪದ್ಯದಲ್ಲಿ ಹುಣ್ಣಿಮೆಯ ಪ್ರಸ್ತಾಪವೇ ಇಲ್ಲ, ಶರತ್ಕಾಲದ ಚಂದ್ರ ಮಾತ್ರ ಇದ್ದಾನೆ. ಅದನ್ನು ಪೂರ್ಣಚಂದ್ರನನ್ನಾಗಿ ಬದಲಾಯಿಸಿದ್ದು 1943ರಲ್ಲಿ ಬಂದ ಅದರ ಮುಂದುವರಿಕೆಯ ಚಿತ್ರ. ಹೀಗಾಗಿ ‘ವುಲ್ಫ್ ಮ್ಯಾನ್’ 2025ರಲ್ಲಿ ಚಂದ್ರನನ್ನೇ ಕೈಬಿಟ್ಟಿತೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ಸಮಯ ಒಂದು ಗಂಟೆಗಿಂತ ಕಡಿಮೆ ಇದ್ದರೆ 2022ರ ‘ವೇರ್‌ವುಲ್ಫ್ ಬೈ ನೈಟ್’. ಸಂಗೀತ ನಿರ್ದೇಶಕ ಮೈಕೆಲ್ ಜಾಕಿನೊ ಇದನ್ನು ಹಳೆಯ ಕಾಲದ ಕಪ್ಪು-ಬಿಳುಪು ಚಿತ್ರದ ಸೊಗಡಿನಲ್ಲಿ ನಿರ್ದೇಶಿಸಿದರು. ಇದರಲ್ಲಿ ರೂಪಾಂತರವನ್ನು ನೇರವಾಗಿ ತೋರಿಸುವುದೇ ಇಲ್ಲ. ಕ್ಯಾಮೆರಾ ಎದುರಿಗಿರುವ ಹೆಂಗಸಿನ ಹೆದರಿದ ಮುಖದ ಮೇಲೆ ನಿಂತಿರುತ್ತದೆ. ಅವಳ ಹಿಂದಿನ ಗೋಡೆಯ ಮೇಲೆ ಮನುಷ್ಯನ ನೆರಳು ಸೆಟೆದು, ಮುರಿದು, ಬೇರೆ ಏನೋ ಆಗುತ್ತದೆ. ಕೋಟಿಗಟ್ಟಲೆ ಸುರಿದ 2010ರ ಗ್ರಾಫಿಕ್ಸ್‌ಗಿಂತ ಈ ನೆರಳು ಹೆಚ್ಚು ಕೆಲಸ ಮಾಡುತ್ತದೆ. ಬಣ್ಣದ ಆವೃತ್ತಿಯೂ ಆಮೇಲೆ ಬಂತು, ಅದರ ಗೋಜಿಗೆ ಹೋಗಬೇಡಿ.

ಯಾರ ಜೊತೆ, ಯಾವಾಗ

ಹತ್ತು ಹನ್ನೆರಡರ ಮಕ್ಕಳು ಕೋಣೆಯಲ್ಲಿದ್ದರೆ ಮೇಲಿನ ಪಟ್ಟಿಯಲ್ಲಿ ಬಹುತೇಕ ಎಲ್ಲವೂ ಹೊರಗೆ. ‘ವೇರ್‌ವುಲ್ಫ್ ಬೈ ನೈಟ್’ ಅನ್ನು ಮೊದಲು ನೀವೇ ನೋಡಿ ನಿರ್ಧರಿಸಬಹುದು. ಕಪ್ಪು-ಬಿಳುಪಾದ್ದರಿಂದ ಅದರ ರಕ್ತ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ರಕ್ತ ಕಂಡರೆ ಹೊಟ್ಟೆ ತೊಳಸುವವರು ‘ಡಾಗ್ ಸೋಲ್ಜರ್ಸ್’ ಬಿಡಬೇಕು. ‘ವುಲ್ಫ್ ಮ್ಯಾನ್’ನಲ್ಲಿ ರಕ್ತ ಕಡಿಮೆ, ಆದರೆ ಬ್ಲೇಕ್ ತನ್ನ ಕೈಯ ಗಾಯವನ್ನು ತಾನೇ ಕಚ್ಚಿ ಜಗಿಯುವ ದೃಶ್ಯವೊಂದಿದೆ, ಊಟದ ತಟ್ಟೆ ಎದುರಿಗಿಟ್ಟುಕೊಂಡು ಕೂರಬೇಡಿ. ತಂದೆ-ತಾಯಿಯ ದೀರ್ಘ ಕಾಯಿಲೆಯನ್ನು ಈಚೆಗಷ್ಟೇ ಕಂಡವರಿಗೂ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಮನರಂಜನೆಗೆಂದು ಹೋದವರು ಬೇರೇನನ್ನೋ ಹೊತ್ತು ಬರುತ್ತಾರೆ.

ಗೆಳೆಯರ ಗುಂಪಿಗೆ ‘ಡಾಗ್ ಸೋಲ್ಜರ್ಸ್’ ಮೊದಲು, ‘ಭೇಡಿಯಾ’ ಆಮೇಲೆ. ದಂಪತಿಗಳು ಸೇರಿ ನೋಡುವುದಾದರೆ ‘ವೇರ್‌ವುಲ್ವ್ಸ್ ವಿದಿನ್’. ಕೊಲೆಗಾರ ಯಾರೆಂದು ಬಾಜಿ ಕಟ್ಟಬಹುದು. ಅಕ್ಕ-ತಂಗಿಯರಿಗೆ ‘ಜಿಂಜರ್ ಸ್ನ್ಯಾಪ್ಸ್’ ಬಿಟ್ಟು ಬೇರೆ ಹೆಸರು ಹೇಳಲಾರೆ. ಒಂಟಿಯಾಗಿ ನಿದ್ದೆ ಬಾರದ ರಾತ್ರಿಗೆ ‘ವುಲ್ಫ್ ಮ್ಯಾನ್’ ಅಥವಾ ‘ಸ್ನೋ ಹಾಲೋ’, ನಿಮ್ಮ ಮನಸ್ಸು ಆಗ ಭಯವನ್ನು ಬೇಡುತ್ತಿದೆಯೋ ಮನುಷ್ಯರನ್ನು ಬೇಡುತ್ತಿದೆಯೋ ಎಂಬುದರ ಮೇಲೆ.

ಒಂದೇ ರಾತ್ರಿ ಎರಡು ಚಿತ್ರ ನೋಡುವ ಹುಮ್ಮಸ್ಸಿದ್ದರೆ 2025ರ ‘ವುಲ್ಫ್ ಮ್ಯಾನ್’ ಮೊದಲಿಗಿರಲಿ, 1981ರ ಲಂಡನ್ ಚಿತ್ರ ಆಮೇಲೆ. ಎರಡೂ ಸೇರಿ ಮೂರು ಗಂಟೆ ಇಪ್ಪತ್ತು ನಿಮಿಷ. ತಿರುಗಾಮುರುಗಾ ಮಾಡಬೇಡಿ. ಬೇಕರ್‌ ಮಾಡಿದ ಆ ಕೈಯನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿದ ಮೇಲೆ ವಾನೆಲ್‌ರ ಕತ್ತಲೆಗೆ ಬೇಕಾದ ತಾಳ್ಮೆ ಯಾರಲ್ಲೂ ಉಳಿಯುವುದಿಲ್ಲ.